ನಾನೂರ ಹದಿನೇಳನೆಯ ಕೊಳವೆ

ಮಾರ್ಚ್ ತಿಂಗಳು, ಬೂಡೊ, ಬೆಳಗಿನ ಜಾವ ಮೂರು.
ಹೆಲಿಕಾಪ್ಟರ್ ಇಳಿದದ್ದು ಮೊದಲು ಕಿಟಕಿಯ ಗಾಜಿಗೆ ಗೊತ್ತಾಗುತ್ತದೆ,
ಆಮೇಲೆ ನನಗೆ.
ಕೈ ತೊಳೆದು ಕಾಯುತ್ತೇನೆ.
ರಾತ್ರಿ ಪಾಳಿಯಲ್ಲಿ ನನ್ನ ಬಳಿ ಮನುಷ್ಯರು ಬರುವುದಿಲ್ಲ,
ಅವರ ಐದು ಮಿಲಿಲೀಟರ್ ಬರುತ್ತದೆ,
ಇನ್ನೂ ಬೆಚ್ಚಗೆ. ಮೇಲೊಂದು ಅಂಟುಚೀಟಿ:
೪೧೭. ಗಂಡು. ನಲವತ್ತಾರು. ಬಿದ್ದದ್ದು.

ಎಲ್ಲಿಂದ ಎಂದು ಚೀಟಿ ಹೇಳುವುದಿಲ್ಲ.
ಸ್ಟ್ರೆಚರ್ ತಳ್ಳಿದ ಹುಡುಗ ಹೇಳಿದ:
ಲೋಫೊಟೆನ್ ಕಡೆಯವನು, ಮೀನು ಒಣಹಾಕುವ ಅಟ್ಟಣಿಗೆಯಿಂದ.
ಹವೆ ಕೆಟ್ಟು ತಡವಾಯಿತಂತೆ.
ಬಾಲಕ್ಕೆ ಬಾಲ ಕಟ್ಟಿದ ಕಾಡ್ ಮೀನಿನ ಜೋಡಿಯನ್ನು
ಮೇಲಿನ ತೊಲೆಗೆ ನೇತುಹಾಕುವಾಗ
ಹಿಮಗಟ್ಟಿದ ಮರ, ಒಂದು ಕಾಲು.
ಮೀನು ಅಲ್ಲೇ ತೂಗಾಡುತ್ತಿತ್ತು, ತಲೆಯಿಲ್ಲದೆ.
ಅವನ ತಲೆ ಕೆಳಗೆ, ಕಲ್ಲಿನ ಮೇಲೆ.

ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸುತ್ತೇನೆ.
ಕೆಂಪು ತಳಕ್ಕಿಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ,
ಹಾಲೊಡೆದ ಮೇಲೆ ಉಳಿಯುವ ನೀರಿನ ಹಾಗೆ.
ಅದರಲ್ಲಿ ಹುಡುಕಬೇಕು, ಅಲ್ಲಿ ಇರಬಾರದ್ದನ್ನು.
ಮಿದುಳಿನಲ್ಲಿ ನಕ್ಷತ್ರದ ಆಕಾರದ ಕೋಶಗಳಿವೆ;
ಒಡೆದರೆ ಅವುಗಳ ಪುಡಿ ನೆತ್ತರಿಗೆ ಸೋರುತ್ತದೆ.
ನರದ ಎಳೆಗಳಿವೆ, ಬಲೆಯ ನೂಲಿಗಿಂತ ಎಷ್ಟೋ ಸಣ್ಣ;
ಅವು ಹರಿದ ಸುದ್ದಿ ನಿಧಾನ, ವಾರಗಟ್ಟಲೆ ಬರುತ್ತಿರುತ್ತದೆ.
ಹಣೆಯ ಮೇಲೆ ಬರೆದದ್ದನ್ನು ಓದುವವರು ಎಲ್ಲಾದರೂ ಇದ್ದಾರು.
ನಾನು ಹಣೆಯ ಹಿಂದೆ ಮುರಿದದ್ದನ್ನು
ಮೊಣಕೈ ಮಡಿಕೆಯಿಂದ ತೆಗೆದು ಎಣಿಸುವವಳು.

ಪರದೆಯ ಮೇಲೆ ಅಂಕಿ ಬಂತು.
ಮತ್ತೊಮ್ಮೆ ಓಡಿಸಿದೆ. ಅದೇ ಅಂಕಿ,
ದಶಾಂಶದಾಚೆ ಒಂಚೂರು ಕದಲಿತ್ತು, ಅಷ್ಟೇ.
ಇಂಥ ಹತ್ತು ಜನರಲ್ಲಿ ಏಳು ಮಂದಿ, ಎನ್ನುತ್ತದೆ ನಮ್ಮ ಲೆಕ್ಕ,
ಆರು ತಿಂಗಳ ನಂತರವೂ ಇನ್ನೊಬ್ಬರ ಕೈ ಹಿಡಿದೇ ಇರುತ್ತಾರೆ.
ಚೀಟಿಯ ಮೇಲೆ ಇರುವವನು ಒಬ್ಬ.
ಏಳರ ಪೈಕಿಯೋ ಮೂರರ ಪೈಕಿಯೋ ಎಂದರೆ
ಯಂತ್ರ ಸುಮ್ಮನೆ ಗುಂಯ್‌ಗುಡುತ್ತದೆ.

ಬೆಳಿಗ್ಗೆ ಮೊದಲ ದೋಣಿಗೆ ಅವಳು ಬಂದಿದ್ದಳು.
ರಬ್ಬರ್ ಬೂಟು, ತೋಳಿನಲ್ಲಿ ಮೀನಿನ ಹುರುಪೆ,
ಕಾಫಿ ಯಂತ್ರಕ್ಕೆ ಕಾರ್ಡನ್ನು ತಿರುವಿ ತಿರುವಿ ತೋರಿಸುತ್ತಿದ್ದಳು.
‘ನೀವು ರಕ್ತದವರಾ?’ ನನ್ನ ಬಿಳಿ ಅಂಗಿ ನೋಡಿ ಕೇಳಿದಳು.
‘ಏನಂತು ಅದು?’
ಅಧ್ಯಯನದ ನಿಯಮ, ಪುಟ ಒಂಬತ್ತು: ಹೇಳಕೂಡದು.
ಹೇಳಬಹುದಾಗಿದ್ದರೂ, ಯಾವ ಬಾಯಲ್ಲಿ?
‘ಇನ್ನೂ ತಿರುಗುತ್ತಿದೆ’ ಎಂದೆ.
ಅದು ನಿಂತು ನಾಲ್ಕು ಗಂಟೆಯಾಗಿತ್ತು.

ಸೆಪ್ಟೆಂಬರ್. ರಕ್ತ ತೆಗೆಯುವ ಸರದಿ ನನ್ನದು.
೪೧೭ ಬಂದ, ತನ್ನದೇ ಕಾಲ ಮೇಲೆ.
ಅವನಿಗೊಂದು ಹೆಸರೂ ಇತ್ತು: ಎಯ್ಲಿಫ್.
ಜೊತೆಗೆ ಮಗಳು ತೂವಾ, ಹನ್ನೊಂದು ವರ್ಷ,
ಚಳಿಗಾಲವಿಡೀ ಕಾಡ್ ಮೀನಿನ ನಾಲಗೆ ಕತ್ತರಿಸಿ
ಕಿಲೋ ಲೆಕ್ಕದಲ್ಲಿ ಮಾರಿ ಸೈಕಲ್ಲು ಕೊಂಡವಳು.
ಅಪ್ಪನ ನಾಲಗೆಗೆ ಸಿಗದ ಮಾತನ್ನು
ಅವಳು ಎತ್ತಿಕೊಡುತ್ತಾಳೆ, ಒಮ್ಮೊಮ್ಮೆ ಬೇಕಂತಲೇ ತಪ್ಪಾಗಿ,
ಅವನು ನಗಲಿ ಎಂದು.

ಪ್ರಶ್ನಾವಳಿ ಕೇಳುತ್ತದೆ: ಒಬ್ಬರೇ ಅಂಗಡಿಗೆ ಹೋಗಬಲ್ಲಿರಾ?
‘ಹೋಗಿದ್ದೆ. ಉಪ್ಪು ತಂದೆ.’
‘ಮೂರು ಗಂಟೆ ಆದಮೇಲೆ’ ಎಂದಳು ತೂವಾ.
‘ಬಸ್ ನಿಲ್ದಾಣದಲ್ಲಿ ಕೂತಿದ್ದ. ಭಾನುವಾರ ಅಲ್ಲಿ ಬಸ್ಸೇ ಬರಲ್ಲ.
ಉಪ್ಪಿನ ಪೊಟ್ಟಣ ತೊಡೆ ಮೇಲೆ, ಪಾಪು ಹಾಗೆ.’
ನರ್ಸ್ ಪೆನ್ನು ಎತ್ತಿದವಳು ಎತ್ತಿಯೇ ಹಿಡಿದಳು.
ಹೌದು, ಒಂದು ಚೌಕ. ಇಲ್ಲ, ಒಂದು ಚೌಕ.
ನಡುವೆ ಬೆರಳಗಲ ಬಿಳಿ ಕಾಗದ.

ತೋಳಿಗೆ ರಬ್ಬರ್ ಪಟ್ಟಿ ಸುತ್ತಲು ಹೋದೆ.
ಅವನ ಇನ್ನೊಂದು ಕೈ ಅದರ ತುದಿ ಕಸಿದು,
ಕಣ್ಣು ಕಿಟಕಿಯಾಚೆಗೇ ಇಟ್ಟು,
ಎರಡು ಸುತ್ತು ಸುತ್ತಿ, ಹಲ್ಲಲ್ಲಿ ಕಚ್ಚಿ ಎಳೆದು,
ಮೀನಿನ ಬಾಲಕ್ಕೆ ಹಾಕುವ ಗಂಟು ಹಾಕಿತು.

ಬಿಚ್ಚಲು ನನಗೆ ಬರಲಿಲ್ಲ.
ತೂವಾ ಬಿಚ್ಚಿಕೊಟ್ಟಳು.